ಮೆಣಸಿನ ಲೆಕ್ಕದಲ್ಲಿ ಬಂದ ಸಾಮಾನುಗಳು

ಹೊಸ ಸಾಮಾನೊಂದು ಹೊಸ್ತಿಲು ದಾಟಿತೆಂದರೆ ನಮ್ಮ ತೀರ್ಥಹಳ್ಳಿ ಕಡೆಯ ಮನೆಗಳಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ‘ಎಷ್ಟು ಕೊಟ್ಟೆ?’ ಎಂಬುದು ಒಂದು, ‘ಇದೆಂತಕ್ಕೆ ಬೇಕಿತ್ತು?’ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಅರ್ಧ ಬೆಲೆ ಹೇಳಿ ಪಾರಾಗುವ ವಿದ್ಯೆಯನ್ನು ಹಿರಿಯರೇ ಕಲಿಸಿಕೊಟ್ಟು ಹೋಗಿದ್ದಾರೆ. ಎರಡನೆಯದಕ್ಕೆ ಸುಳ್ಳು ಸಾಲುವುದಿಲ್ಲ. ಅದಕ್ಕೆ ಕಾರಣವೇ ಬೇಕು, ಅದೂ ಕೇಳಿದವರು ಮರುಮಾತಾಡದಂಥ ಕಾರಣ ಬೇಕು. ಮೊಬೈಲಿನಲ್ಲಿ ಸಾಮಾನು ತರಿಸುವುದು ರೂಢಿಯಾದ ಮೇಲೆ ಇಂಥ ಕಾರಣಗಳ ಫಸಲು ನಮ್ಮಲ್ಲಿ ವರ್ಷದ ಹನ್ನೆರಡು ತಿಂಗಳೂ ಬರುತ್ತಿದೆ, ಮತ್ತು ಅದಕ್ಕೆ ಕೊಳೆರೋಗ ಬಿದ್ದದ್ದನ್ನು ನಾನಂತೂ ನೋಡಿಲ್ಲ.

ಹಿಂದೆ ಕಾರಣ ಮುಂದೆ ನಡೆಯುತ್ತಿತ್ತು, ದುಡ್ಡು ಅದರ ಹಿಂದೆ ಬರುತ್ತಿತ್ತು. ಶಿವಮೊಗ್ಗದ ಗಾಂಧಿ ಬಜಾರಿನಿಂದ ಏನಾದರೂ ತರಬೇಕೆಂದರೆ ಕ್ಯಾಲೆಂಡರಿನ ಹರಿದ ಹಾಳೆಯ ಹಿಂಬದಿಯಲ್ಲಿ ಪಟ್ಟಿಯಾಗುತ್ತಿತ್ತು. ಅಪ್ಪಯ್ಯ ಅದರಲ್ಲಿ ಎರಡು ಬಾಬತ್ತುಗಳನ್ನು ಹೊಡೆದುಹಾಕುತ್ತಿದ್ದರು, ಅಮ್ಮ ಅವುಗಳಲ್ಲೊಂದನ್ನು ಸಣ್ಣ ಅಕ್ಷರದಲ್ಲಿ ಪುನಃ ಕೆಳಗೆ ಸೇರಿಸುತ್ತಿದ್ದಳು. ಇಷ್ಟೆಲ್ಲ ದಾಟಿ ಬಂದ ಪಟ್ಟಿಗೆ ಅಂಗಡಿಯಲ್ಲಿ ಇನ್ನೊಂದು ವಿಚಾರಣೆ ಕಾದಿರುತ್ತಿತ್ತು. ‘ಹೋದ ಸಲ ಒಯ್ದ ಕುಕ್ಕರು ಎಂತ ಆಯ್ತು ಗೌಡ್ರೆ? ಗ್ಯಾಸ್ಕೆಟ್ ಬದಲಾಯಿಸಿದ್ರೆ ಸಾಕಲ್ಲ’ ಎಂದು ತನ್ನ ವ್ಯಾಪಾರವನ್ನೇ ಕಳೆದುಕೊಳ್ಳುವ ಪಾತ್ರೆ ಅಂಗಡಿಯವರು ಆಗ ಇದ್ದರು, ಈಗಲೂ ಒಬ್ಬಿಬ್ಬರು ಇದ್ದಾರೆ. ಅಲ್ಲಿಂದಲೂ ಪಾರಾಗಿ ಬಸ್ಸು ಹತ್ತಿದರೆ, ಪಕ್ಕದಲ್ಲಿ ಕುಳಿತವರು ಚೀಲವನ್ನು ಹೊರಗಿನಿಂದಲೇ ಒಮ್ಮೆ ಒತ್ತಿ ನೋಡಿ, ಒಳಗಿರುವುದು ಏನು, ಅದು ಹೋದ ವರ್ಷ ಅವರ ಮನೆಗೆ ಎಷ್ಟಕ್ಕೆ ಬಂದಿತ್ತು ಎಂಬುದನ್ನು ಮಂಡಗದ್ದೆ ಬರುವುದರೊಳಗೆ ಹೇಳಿ ಮುಗಿಸುತ್ತಿದ್ದರು. ಹೀಗೆ ಊರೆಲ್ಲ ಸೇರಿ ಒಪ್ಪಿಕೊಂಡ ಮೇಲೆ ಮನೆಗೆ ಬಂದ ಸಾಮಾನಿಗೆ ಹೊಸದಾಗಿ ಕಾರಣ ಹೇಳುವ ಅಗತ್ಯವೇ ಉಳಿದಿರುತ್ತಿರಲಿಲ್ಲ.

ಮೊಬೈಲಿನ ಅಂಗಡಿ ಏನನ್ನೂ ಕೇಳುವುದಿಲ್ಲ. ಕೇಳದಿರುವುದೇ ಅದರ ಬಂಡವಾಳ. ಒಮ್ಮೆ ಒತ್ತಿದರೆ ಸಾಕು, ವಿಳಾಸ, ಹಣ ಎಲ್ಲವೂ ಮೊದಲೇ ದಾಖಲಾಗಿರುವುದರಿಂದ ಖರೀದಿ ಮುಗಿದೇಹೋಗುವ ಏರ್ಪಾಡಿಗೆ ಅಮೆಜಾನ್ ಕಂಪನಿ 1999ರಲ್ಲಿ ಅಮೆರಿಕದಲ್ಲಿ ಪೇಟೆಂಟನ್ನೇ ಪಡೆದಿತ್ತು. ಅದರ ಅವಧಿ ಮುಗಿದದ್ದು 2017ರಲ್ಲಿ. ಕಾಗದದಲ್ಲಿ ಅದು ಒಂದು ತಾಂತ್ರಿಕ ಉಪಾಯ. ನಮ್ಮ ಕಣ್ಣಿನಿಂದ ನೋಡಿದರೆ ಅದು ಪಟ್ಟಿ ಬರೆಯುವುದಕ್ಕೂ ಬಸ್ಸಿಗೆ ಕಾಯುವುದಕ್ಕೂ ಹಿಡಿಯುತ್ತಿದ್ದ ಹೊತ್ತನ್ನು, ಅಂದರೆ ‘ಬೇಡ ಬಿಡು’ ಎಂದುಕೊಳ್ಳಲು ಇದ್ದ ಅಷ್ಟೂ ಹೊತ್ತನ್ನು, ತೆಗೆದುಹಾಕಿದ ಉಪಾಯ. ನಮ್ಮ ದೇಶದಲ್ಲಿ ಫ್ಲಿಪ್‌ಕಾರ್ಟ್ 2007ರಲ್ಲಿ ಬೆಂಗಳೂರಿನಲ್ಲಿ ಪುಸ್ತಕ ಮಾರುತ್ತ ಶುರುವಾಯಿತು. 2010ರಲ್ಲಿ ಸಾಮಾನು ಕೈಗೆ ಬಂದ ಮೇಲೆ ನಗದು ಕೊಡುವ ಪದ್ಧತಿಯನ್ನು ತಂದಿತು. ಈ ಪದ್ಧತಿ ಹಳ್ಳಿಯ ಕಡೆ ಬಂದಾಗ ಜನ ಅದನ್ನು ಅರ್ಥ ಮಾಡಿಕೊಂಡ ರೀತಿಯೇ ಸೊಗಸಾಗಿತ್ತು. ಹಣವನ್ನು ಈಗಲೇ ಕೊಡಬೇಕಿಲ್ಲವಾದ್ದರಿಂದ ಈಗ ಮಾಡುತ್ತಿರುವುದು ಖರೀದಿಯೇ ಅಲ್ಲ, ಬರೀ ನೋಡುವುದಕ್ಕೆ ತರಿಸುತ್ತಿದ್ದೇವೆ ಎಂಬುದು ಆ ತಿಳುವಳಿಕೆ. ಸಾಮಾನು ಬಾಗಿಲಿಗೆ ಬಂದ ದಿನ, ‘ಪಾಪ, ಆ ಹುಡುಗ ಇಷ್ಟು ದೂರ ಬೈಕಿನಲ್ಲಿ ತಂದಿದ್ದಾನೆ, ಬೇಡ ಅಂದ್ರೆ ಅವನಿಗೆ ಹೇಗಾಗಬೇಡ’ ಎಂದು ಹಣ ಕೊಡುತ್ತಿದ್ದರು. ತರಿಸುವಾಗ ಖರೀದಿಯಲ್ಲ, ಕೊಳ್ಳುವಾಗ ಕರುಣೆ. ಖರೀದಿ ಎಂಬುದು ನಡೆದದ್ದು ಯಾವಾಗ ಎಂದು ಕೇಳಿದರೆ ಯಾರೂ ತೋರಿಸಲಾರರು.

ಬೆಲೆಯ ವಿಷಯವನ್ನು ಮೊದಲು ಮುಗಿಸಿಬಿಡುತ್ತೇನೆ, ಏಕೆಂದರೆ ಅರ್ಧ ಬೆಲೆ ಹೇಳುವ ಪುರಾತನ ವಿದ್ಯೆ ಈ ಕಾಲದಲ್ಲಿ ಎಷ್ಟು ಅಪಾಯಕಾರಿ ಎಂಬುದಕ್ಕೆ ನಮ್ಮ ಭಾವನೇ ಸಾಕ್ಷಿ. ಹೊಸನಗರದ ಕಡೆ ತೋಟ ಇರುವ ಭಾವ ಒಂದು ರಾತ್ರಿ ಊಟವಾದ ಮೇಲೆ ಬ್ಯಾಟರಿಯಲ್ಲಿ ಓಡುವ ಕೈಗರಗಸವೊಂದನ್ನು ತರಿಸಿದರು. ಕೊಟ್ಟದ್ದು ಮೂರು ಸಾವಿರ. ಅಕ್ಕನಿಗೆ ಹೇಳಿದ್ದು ಒಂದೂವರೆ ಸಾವಿರ. ಗರಗಸ ಚೆನ್ನಾಗಿಯೇ ಕೆಲಸ ಮಾಡಿತು, ಬೇಲಿಗೆ ಬಾಗಿದ್ದ ಕೊಂಬೆಗಳನ್ನೆಲ್ಲ ಕೊಯ್ದು ಹಾಕಿತು, ಅಕ್ಕನಿಗೆ ಗಂಡನ ಬುದ್ಧಿವಂತಿಕೆಯ ಬಗ್ಗೆ ಬಹಳ ದಿನಗಳ ನಂತರ ಹೆಮ್ಮೆಯಾಯಿತು. ಆ ಹೆಮ್ಮೆಯನ್ನು ಅವಳು ಸ್ವಸಹಾಯ ಸಂಘದ ಸಭೆಯಲ್ಲಿ ಹಂಚಿಕೊಂಡಳು. ಮಾರನೆಯ ದಿನ ಬೆಳಿಗ್ಗೆ ಕಾಫಿಯ ಹೊತ್ತಿಗೆ ಪಕ್ಕದ ತೋಟದ ಹಿರಿಯ ಹೆಂಗಸೊಬ್ಬರು ಸೆರಗಿನ ತುದಿಯ ಗಂಟು ಬಿಚ್ಚಿ, ಎಣಿಸಿ ಇಟ್ಟಿದ್ದ ಒಂದೂವರೆ ಸಾವಿರವನ್ನು ಜಗಲಿಯ ಮೇಲಿಟ್ಟು, ‘ನಮಗೂ ಅಂಥದೇ ಒಂದು ತರ್ಸಿಕೊಡು ಮಾರಾಯ, ನಮ್ಮನೇಲಿ ಫೋನು ನೋಡುವವರು ಯಾರೂ ಇಲ್ಲ’ ಎಂದರು.

ಭಾವ ಒಡನೆ ಕಂಡುಕೊಂಡ ದಾರಿಯೆಂದರೆ ಆ ಬೆಲೆ ಒಂದೇ ದಿನದ ಆಫರಿನದಾಗಿತ್ತು ಎನ್ನುವುದು. ಮುಂದೆ ಬಂದ ಮೂರ್ನಾಲ್ಕು ಜನರನ್ನು ಆ ಮಾತಿನಿಂದಲೇ ಸಾಗಹಾಕಿದರು. ಆದರೆ ಈ ಹೆಂಗಸಿನ ಎದುರು ಅದು ನಡೆಯುವಂತಿರಲಿಲ್ಲ, ಏಕೆಂದರೆ ಅಕ್ಕ ಅಲ್ಲೇ ನಿಂತು, ‘ಅದಕ್ಕೆಂತ, ನಿಮಗಿಲ್ಲದ್ದಾ, ತರ್ಸಿಕೊಡ್ತಾರೆ’ ಎಂದು ಹಣವನ್ನು ತೆಗೆದು ಒಳಗಿಟ್ಟಾಗಿತ್ತು. ಭಾವ ಇನ್ನೊಂದು ಮೂರು ಸಾವಿರ ಕೊಟ್ಟು ಎರಡನೆಯ ಗರಗಸ ತರಿಸಿದರು. ಅಲ್ಲಿಗೆ ಅವರ ಸ್ವಂತ ಗರಗಸಕ್ಕೆ ಬಿದ್ದ ಅಸಲು ನಾಲ್ಕೂವರೆ ಸಾವಿರ. ಇದನ್ನು ನನಗೆ ಗುಟ್ಟಾಗಿ ಹೇಳುವಾಗ ಅವರ ಮುಖದಲ್ಲಿ ಬೇಸರ ಇರಲಿಲ್ಲ. ತಮ್ಮ ನೀರಿನ ಪೈಪು ಆ ಹೆಂಗಸಿನ ತೋಟದ ಮೇಲೆ ಹಾದುಬರುತ್ತದೆಂದೂ ಅವರು ಒಂದು ದಿನವೂ ತಕರಾರು ಮಾಡಿಲ್ಲವೆಂದೂ ಆ ಉಪಕಾರ ಹೀಗಾದರೂ ತೀರಿತೆಂದೂ ವಿವರಿಸಿದರು. ಪೈಪು ಹಾದುಹೋಗಲು ತೊಡಗಿ ಇಪ್ಪತ್ತು ವರ್ಷವಾದರೂ ಆಗಿದೆ. ಉಪಕಾರದ ನೆನಪು ಆದದ್ದು ಗರಗಸ ಬಂದ ಮೇಲೆ.

ಈಗ ಕಾರಣಗಳಿಗೆ ಬರೋಣ. ಮಲೆನಾಡಿನ ರೈತನ ಮನೆಯಲ್ಲಿ ಹಣ ಎಂಬುದು ಒಂದೇ ಜಾತಿಯದಲ್ಲ. ಅಡಿಕೆಯ ದುಡ್ಡು ಗಂಭೀರವಾದದ್ದು. ಸಾಲ, ಮದುವೆ, ಮಕ್ಕಳ ಕಾಲೇಜು, ಮನೆಯ ಮಾಡು ಇವೆಲ್ಲ ಅದರ ಪಾಲಿಗೆ. ಡೈರಿಗೆ ಹಾಕಿದ ಹಾಲಿನ ದುಡ್ಡು ಹಿಂಡಿಗೂ ಅಡುಗೆಮನೆಗೂ ಸಲ್ಲುತ್ತದೆ. ಕಾಳುಮೆಣಸಿನ ದುಡ್ಡು ಮಾತ್ರ ಬೇರೆ. ಅಡಿಕೆ ಮರಕ್ಕೆ ಹಬ್ಬಿದ ಬಳ್ಳಿ ತಾನಾಗಿಯೇ ಕೊಟ್ಟಿತು ಎಂಬ ಭಾವನೆಯಿಂದಾಗಿ, ಬಳ್ಳಿಗೆ ಔಷಧಿ ಹೊಡೆದದ್ದು, ಏಣಿ ಹತ್ತಿ ಕೊಯ್ದದ್ದು ಎಲ್ಲವೂ ಮರೆತುಹೋಗಿ, ಅದು ಮೇಲುಸಂಪಾದನೆ ಎಂದು ಲೆಕ್ಕವಾಗುತ್ತದೆ. ಮೊಬೈಲಿನಲ್ಲಿ ತರಿಸಿದ ಸಾಮಾನುಗಳೆಲ್ಲ ಮೆಣಸಿನ ಲೆಕ್ಕಕ್ಕೇ ಹೋಗುವುದು. ಪಾತ್ರೆ ತೊಳೆಯುವ ಸಿಲಿಕೋನ್ ಕೈಗವಸು, ಗೋಡೆಗೆ ಅಂಟಿಸುವ ದೀಪ, ಕುತ್ತಿಗೆಗೆ ಸುತ್ತಿಕೊಳ್ಳುವ ಮಸಾಜಿನ ಯಂತ್ರ, ಎಲ್ಲದಕ್ಕೂ ‘ಹೋಗಲಿ ಬಿಡು, ಮೆಣಸಿನ ದುಡ್ಡಲ್ಲಿ ಆಯ್ತು’ ಎಂಬುದೇ ಅಂತಿಮ ತೀರ್ಪು. ನಮ್ಮ ಮನೆಯ ಬಳ್ಳಿಗಳು ಕೊಟ್ಟ ಒಂದೇ ಮೂಟೆ ಮೆಣಸು ಈ ರೀತಿ ಮೂರು ಮೂರು ಸಲ ಖರ್ಚಾದದ್ದುಂಟು, ಮತ್ತು ಮೂರೂ ಸಲ ಯಾರಿಗೂ ಅನುಮಾನ ಬರಲಿಲ್ಲ.

ಹಣಕ್ಕೆ ಹೀಗೆ ಬೇರೆ ಬೇರೆ ಡಬ್ಬಿ ಮಾಡಿ, ಒಂದು ಡಬ್ಬಿಯ ನಿಯಮವನ್ನು ಇನ್ನೊಂದಕ್ಕೆ ತಾಗಿಸದೆ ಬದುಕುವ ಮನುಷ್ಯಸ್ವಭಾವವನ್ನು ಅಭ್ಯಾಸ ಮಾಡಿ 1985ರಲ್ಲಿ ಅದರ ಮೇಲೆ ಹೆಸರಾಂತ ಪ್ರಬಂಧ ಬರೆದವರು ಅಮೆರಿಕದ ರಿಚರ್ಡ್ ಥೇಲರ್. ಅವರಿಗೆ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಬಹುಮಾನದ ಹಣವನ್ನು ಏನು ಮಾಡುತ್ತೀರಿ ಎಂದು ಕೇಳಿದವರಿಗೆ, ಆದಷ್ಟೂ ವಿವೇಕವಿಲ್ಲದೆ ಖರ್ಚು ಮಾಡಲು ಪ್ರಯತ್ನಿಸುತ್ತೇನೆ ಎಂಬರ್ಥದ ಉತ್ತರ ಕೊಟ್ಟರು. ಅವರಿಗೂ ಅದು ಮೆಣಸಿನ ದುಡ್ಡೇ ಆಗಿ ಕಂಡಿರಬೇಕು. ಇದರಲ್ಲಿ ನನಗೆ ಅತ್ಯಂತ ಸೋಜಿಗವಾಗಿ ಕಾಣುವುದು ಬೇರೆಯೇ ಒಂದು ಸಂಗತಿ. ಅಡಿಕೆ ಮಾರಾಟದ ಸಹಕಾರ ಸಂಘವಾದ ಮ್ಯಾಮ್ಕೋಸ್‌ನಲ್ಲಿ ‘ರಾಶಿ’ ಎಂಬ ಬಗೆಯ ಅಡಿಕೆಯ ದರ ಇಂದು ಇನ್ನೂರು ರೂಪಾಯಿ ಇಳಿದಿದೆ, ನಾಳೆ ಏರಬಹುದು, ಆದ್ದರಿಂದ ಈ ವಾರ ಬಿಡುವುದು ಬೇಡ ಎಂದು ತಿಂಗಳುಗಟ್ಟಲೆ ಮೂಟೆಗಳನ್ನು ಇಟ್ಟುಕೊಂಡು ಕೂರುವ ಅದೇ ಮನುಷ್ಯ, ಸಾವಿರದ ಇನ್ನೂರ ತೊಂಬತ್ತೊಂಬತ್ತರ ಸಾಮಾನನ್ನು ಕವಳ ಹಾಕಿಕೊಳ್ಳುವಷ್ಟು ಹೊತ್ತಿನಲ್ಲಿ ಕೊಂಡು ಮುಗಿಸುತ್ತಾನೆ. ಮಾರುವಾಗ ಇರುವ ತಾಳ್ಮೆಯ ಹತ್ತರಲ್ಲೊಂದು ಪಾಲು ಕೊಳ್ಳುವಾಗ ಇದ್ದಿದ್ದರೆ ಮೊಬೈಲಿನ ಅಂಗಡಿಗಳು ನಮ್ಮ ಜಿಲ್ಲೆಯಲ್ಲಿ ಬಾಗಿಲು ಹಾಕಬೇಕಾಗಿತ್ತು.

ಮೆಣಸಿನ ದುಡ್ಡು ಎಂಬುದು ‘ಎಲ್ಲಿಂದ ಬಂತು’ ಎಂಬುದಕ್ಕೆ ಉತ್ತರ. ‘ಇದೆಂತಕ್ಕೆ’ ಎಂಬುದಕ್ಕೆ ನಮ್ಮಲ್ಲಿ ಇರುವ ಬ್ರಹ್ಮಾಸ್ತ್ರವೆಂದರೆ ‘ಮಳೆಗಾಲಕ್ಕೆ ಬೇಕಾಗ್ತದೆ’ ಎಂಬ ಎರಡು ಶಬ್ದಗಳು. ಬಯಲುಸೀಮೆಯವರಿಗೆ ಇದರ ತೂಕ ಅರಿವಾಗಲಿಕ್ಕಿಲ್ಲ. ಮೃಗಶಿರಾ ಮಳೆ ಹಿಡಿಯುವ ಮೊದಲು ಸೌದೆ ಒಟ್ಟಬೇಕು, ಕೊಟ್ಟಿಗೆಗೆ ದರಗು ತುಂಬಬೇಕು, ಹುಲ್ಲು ಸೇರಿಸಬೇಕು, ಹಲಸಿನ ಹಪ್ಪಳ ಒಣಗಿ ಡಬ್ಬಕ್ಕೆ ಹೋಗಬೇಕು, ಮೈಲುತುತ್ತ, ಉಪ್ಪು, ಒಣಮೆಣಸು ಮನೆಯಲ್ಲಿರಬೇಕು; ಹಳ್ಳ ತುಂಬಿ ಸಂಕದ ಮೇಲೆ ನೀರು ಬಂದರೆ ಪೇಟೆಯ ದಾರಿ ಮುಚ್ಚಿತೆಂದೇ ಅರ್ಥವಾಗಿದ್ದ ಕಾಲದಲ್ಲಿ ಈ ಸಿದ್ಧತೆಯೇ ಜೀವನ ನಡೆಸುವ ಬುದ್ಧಿಯಾಗಿತ್ತು. ದಾರಿಗಳು ಸುಧಾರಿಸಿದರೂ ಆ ಮಾತಿನ ಗೌರವ ಹಾಗೆಯೇ ಉಳಿದಿದೆ. ಮಳೆಗಾಲದ ಹೆಸರು ಹೇಳಿದ ಸಾಮಾನಿಗೆ ಹಿರಿಯರು ಎದುರಾಡುವುದಿಲ್ಲ. ಆದ್ದರಿಂದ ನಮ್ಮಲ್ಲಿ ಬೂಟು ಒಣಗಿಸುವ ಯಂತ್ರ ಮಳೆಗಾಲಕ್ಕೆ ಬಂತು, ಮೂರು ಬಣ್ಣದ ಚಾರ್ಜಿಂಗ್ ದೀಪ ಮಳೆಗಾಲಕ್ಕೆ ಬಂತು, ಉಂಬಳ, ಅಂದರೆ ಕಾಡಿನ ಜಿಗಣೆ, ಹತ್ತದಂಥ ವಿಶೇಷ ಕಾಲುಚೀಲವೂ ಮಳೆಗಾಲಕ್ಕೇ ಬಂತು. ಕೊನೆಯದು ಬಂದ ದಿನ ಅಪ್ಪಯ್ಯ ಎಂದಿನಂತೆ ಕಾಲಿಗೆ ಸುಣ್ಣ ಹಚ್ಚಿಕೊಂಡು ತೋಟಕ್ಕೆ ಹೋಗಿ ಬಂದರು. ಉಂಬಳಗಳು ಎರಡು ಪದ್ಧತಿಗಳಲ್ಲಿ ಯಾವುದಕ್ಕೂ ವಿಶೇಷ ಮರ್ಯಾದೆ ಕೊಟ್ಟಂತೆ ಕಾಣಲಿಲ್ಲ.

ಈ ಸಾಲಿನಲ್ಲಿ ತಮ್ಮ ತರಿಸಿದ, ತಲೆಗೆ ಕಟ್ಟಿಕೊಳ್ಳುವ ಬ್ಯಾಟರಿಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಹೊಸ ಮಳೆಗೆ ಗದ್ದೆಯ ಕಾಲುವೆಯಲ್ಲಿ ಹತ್ತುಮೀನು ಏರುವ ರಾತ್ರಿ ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಚೀಲ ಇರುವಾಗ ಬ್ಯಾಟರಿ ಹಿಡಿಯಲು ಮೂರನೆಯ ಕೈ ಬೇಕಾಗುತ್ತದೆ ಎಂಬುದು ಅವನು ಮಂಡಿಸಿದ ಕಾರಣ. ಇಷ್ಟು ಬಲವಾದ ಕಾರಣವನ್ನು ನಮ್ಮ ಮನೆ ಬಹಳ ಕಾಲದಿಂದ ಕೇಳಿರಲಿಲ್ಲ. ಆ ಬ್ಯಾಟರಿಗೆ ಒಂದು ವಿಶೇಷವಿತ್ತು. ಗುಂಡಿ ಒತ್ತಬೇಕಾಗಿಲ್ಲ, ಅದರ ಮುಂದೆ ಕೈಯಾಡಿಸಿದರೆ ಹತ್ತುತ್ತದೆ, ಪುನಃ ಆಡಿಸಿದರೆ ಆರುತ್ತದೆ. ಜಗಲಿಯಲ್ಲಿ ಇದು ಬಹಳ ಚೆಂದವಾಗಿ ನಡೆಯಿತು. ಗದ್ದೆಯಲ್ಲಿ ಹಣೆಯ ಮೇಲೆ ಕುಳಿತ ಸೊಳ್ಳೆಯನ್ನು ಹೊಡೆಯಲು ಕೈ ಎತ್ತಿದರೆ ದೀಪ ಆರಿತು. ಕತ್ತಲೆಯಲ್ಲಿ ಮುಖಕ್ಕೆ ಬಡಿದ ಬಾಳೆಯ ಸೋಗೆಯನ್ನು ಸರಿಸಿದರೆ ಹತ್ತಿತು. ಹತ್ತಿದ್ದಕ್ಕೆ ಸಂತೋಷಪಟ್ಟು ಕಂಬಳಿಕೊಪ್ಪೆಯ ಅಂಚನ್ನು ಮೇಲೆ ಮಾಡಿಕೊಂಡರೆ ಮತ್ತೆ ಆರಿತು. ಎರಡೂ ಕೈ ಬಿಡುವಾಗಿರಲಿ ಎಂದು ತಂದ ದೀಪ ಎರಡೂ ಕೈಗಳಿಗೆ ಬಿಡುವಿಲ್ಲದ ಕೆಲಸ ಕೊಟ್ಟಿತು. ಮುಂದೆ ಹೋಗುತ್ತಿದ್ದ ಅಪ್ಪಯ್ಯ ತಮ್ಮ ಹಳೆಯ ಮೂರು ಸೆಲ್ಲಿನ ಬ್ಯಾಟರಿಯನ್ನು ಕಂಕುಳಲ್ಲಿ ಒತ್ತಿಕೊಂಡು, ಹಿಂದಿರುಗಿಯೂ ನೋಡದೆ, ‘ಅದಕ್ಕೆ ಮಿಂಚು ಬರ್ತದಾ ಎಂಥ?’ ಎಂದರು. ತಮ್ಮ ಮರುದಿನ ಅದನ್ನು ಕೊಟ್ಟಿಗೆಯ ಬಾಗಿಲ ಕಂಬಕ್ಕೆ ಕಟ್ಟಿದ. ಹಾಲು ಕರೆಯಲು ಹೋಗುವವರು ಅಲ್ಲಿ ಕೈಯಾಡಿಸಿದರೆ ಬೆಳಕು ಬರುತ್ತದೆ. ತಾನು ತರಿಸಿದ್ದೇ ಕೊಟ್ಟಿಗೆಗೆ ಎಂದು ಈಗ ಅವನು ಹೇಳುತ್ತಾನೆ, ಮತ್ತು ಅದನ್ನು ಅವನು ನಿಜವಾಗಿಯೂ ನಂಬಿದ್ದಾನೆ ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ನಂಬುವುದು ಎಂಬಲ್ಲಿಯೇ ಈ ವಿಷಯದ ರುಚಿ ಇರುವುದು. 1956ರಲ್ಲಿ ಜಾಕ್ ಬ್ರೆಮ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಪ್ರಕಟಿಸಿದ ಪ್ರಯೋಗವೊಂದು ಇದನ್ನೇ ಹಿಡಿದು ತೋರಿಸಿತ್ತು. ಬ್ರೆಡ್ ಸುಡುವ ಯಂತ್ರ, ರೇಡಿಯೋ ಇತ್ಯಾದಿ ಎಂಟು ಸಾಮಾನುಗಳನ್ನು ಹೆಂಗಸರ ಮುಂದಿಟ್ಟು, ಯಾವುದು ಎಷ್ಟು ಇಷ್ಟ ಎಂದು ಅಂಕ ಹಾಕಿಸಿದರು. ಬಳಿಕ ಎರಡನ್ನು ತೋರಿಸಿ ಒಂದನ್ನು ಉಡುಗೊರೆಯಾಗಿ ಆರಿಸಿಕೊಳ್ಳಲು ಹೇಳಿದರು. ಆರಿಸಿಯಾದ ಮೇಲೆ ಪುನಃ ಅಂಕ ಹಾಕಿಸಿದರು. ಆರಿಸಿಕೊಂಡದ್ದರ ಅಂಕ ಏರಿತ್ತು, ಬಿಟ್ಟದ್ದರ ಅಂಕ ಇಳಿದಿತ್ತು. ಎರಡೂ ಮೊದಲು ಹೆಚ್ಚುಕಡಿಮೆ ಸಮನಾಗಿ ಹಿಡಿಸಿದ್ದವಾದರೆ ಈ ಏರಿಳಿತ ಇನ್ನೂ ಜೋರಾಗಿತ್ತು. ಮರುವರ್ಷ ಲಿಯಾನ್ ಫೆಸ್ಟಿಂಜರ್ ಇದರ ಹಿಂದಿನ ಸಿದ್ಧಾಂತವನ್ನು ವಿಸ್ತಾರವಾಗಿ ಬರೆದರು: ಮಾಡಿದ್ದಕ್ಕೂ ತಿಳಿದದ್ದಕ್ಕೂ ಹೊಂದಿಕೆಯಾಗದೆ ಹೋದಾಗ ಒಳಗೊಂದು ಕಸಿವಿಸಿ ಹುಟ್ಟುತ್ತದೆ, ಮಾಡಿದ್ದನ್ನು ಬದಲಿಸುವುದು ಕಷ್ಟವಾದ್ದರಿಂದ ಮನಸ್ಸು ತಿಳುವಳಿಕೆಯನ್ನೇ ಸ್ವಲ್ಪ ಸರಿಸಿ ಕೂರಿಸುತ್ತದೆ. ಕೊಟ್ಟಿಗೆಯ ಕಂಬದ ದೀಪ ಆದದ್ದು ಹಾಗೆಯೇ. ಗಂಡ ಹೆಂಡತಿಗೆ, ಮಗ ಅಪ್ಪನಿಗೆ ಹೇಳುವ ಕಾರಣಗಳನ್ನು ನಾವು ಸುಳ್ಳೆಂದು ತಿಳಿದು ನಗುತ್ತೇವೆ. ನನಗನ್ನಿಸುವ ಪ್ರಕಾರ ಅವು ಹೇಳುವವನ ಬಾಯಿಂದ ಹೊರಡುವಾಗ ಸುಳ್ಳಾಗಿರಬಹುದು, ಕೇಳುವವರನ್ನು ತಲುಪುವಷ್ಟರಲ್ಲಿ ನಿಜವಾಗಿರುತ್ತವೆ. ಕೇಳುವವರಿಲ್ಲದೆ ಅವು ನಿಜವಾಗುವುದೇ ಇಲ್ಲ. ಶಿವಮೊಗ್ಗದ ವಿನೋಬನಗರದಲ್ಲಿ ನಾನು ಒಂಟಿಯಾಗಿ ಇರುವ ಮನೆಗೆ ಬಂದ ಪೆಟ್ಟಿಗೆಗಳಿಗೆ ನಾನು ಕಾರಣ ಕೊಟ್ಟುಕೊಂಡದ್ದು ಕಡಿಮೆ. ಅವೇ ಪೆಟ್ಟಿಗೆಗಳು ಊರಿನ ಮನೆಗೆ ಬಂದಿದ್ದರೆ ಒಂದೊಂದಕ್ಕೂ ಇಷ್ಟಿಷ್ಟುದ್ದದ ಸ್ಥಳಪುರಾಣ ಹುಟ್ಟುತ್ತಿತ್ತು.

ಹಾಗೆಂದು ಒಬ್ಬರೇ ಇರುವವರು ಲೆಕ್ಕದಲ್ಲಿ ಪ್ರಾಮಾಣಿಕರು ಎಂದಲ್ಲ. ನಾಲ್ಕುನೂರ ಮೂವತ್ತರ ಸಾಮಾನು ಬುಟ್ಟಿಗೆ ಹಾಕಿದ್ದೇನೆ. ಐನೂರು ಮುಟ್ಟದ್ದರಿಂದ ಸಾಗಣೆಗೆ ನಲವತ್ತು ಕೊಡಬೇಕು. ಸಾಮಾನಿಗೆ ಕೊಡುವ ಹಣ ಹಣ, ಸಾಗಣೆಗೆ ಕೊಡುವ ಹಣ ದಂಡ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ದಂಡ ತಪ್ಪಿಸಲು ನೂರಿಪ್ಪತ್ತರ, ಬಾಟಲಿ ತೊಳೆಯುವ ಬ್ರಷ್ ಸೇರಿಸುತ್ತೇನೆ. ನಾಲ್ಕುನೂರ ಎಪ್ಪತ್ತರಲ್ಲಿ ಮುಗಿಯುತ್ತಿದ್ದದ್ದು ಐನೂರ ಐವತ್ತಾಗುತ್ತದೆ, ಆದರೂ ಮನಸ್ಸಿನಲ್ಲಿ ಉಳಿಯುವುದು ನಲವತ್ತು ಉಳಿಯಿತು ಎಂಬ ಹಗುರವಾದ ಸಂತೋಷ. ಥೇಲರ್ ಅವರು ಕೊಳ್ಳುವವನಿಗೆ ಎರಡು ಬಗೆಯ ಸುಖವಿದೆ ಎನ್ನುತ್ತಾರೆ: ಸಾಮಾನಿನಿಂದ ಬರುವ ಸುಖ ಒಂದು, ವ್ಯಾಪಾರ ಗೆದ್ದೆ ಎಂಬ ಸುಖ ಇನ್ನೊಂದು. ಅಡ್ಡಗೆರೆ ಎಳೆದ ದೊಡ್ಡ ಬೆಲೆಯೊಂದನ್ನು ಮೇಲೆ ತೋರಿಸಿ ಕೆಳಗೆ ಸಣ್ಣ ಬೆಲೆ ಬರೆಯುವುದು ಈ ಎರಡನೆಯ ಸುಖಕ್ಕಾಗಿಯೇ. ಸಂತೆಯಲ್ಲಿ ಚೌಕಾಸಿ ಮಾಡಿ ಪಡೆಯುತ್ತಿದ್ದ ಗೆಲುವನ್ನು ಇಲ್ಲಿ ಚೌಕಾಸಿಯ ಶ್ರಮವಿಲ್ಲದೆ ಮೊದಲೇ ಕೊಟ್ಟುಬಿಡುತ್ತಾರೆ. ಬ್ರಷ್ಷಿನ ವಿಷಯದಲ್ಲಿ ಮೊದಲನೆಯ ಸುಖ ಎಳ್ಳಷ್ಟೂ ಇರಲಿಲ್ಲ, ಏಕೆಂದರೆ ನಮ್ಮಲ್ಲಿರುವುದೆಲ್ಲ ಅಗಲ ಬಾಯಿಯ ಸ್ಟೀಲಿನ ಚೊಂಬುಗಳು.

ಅಂಗಡಿಗಳ ದೊಡ್ಡ ಹಬ್ಬದ ಮಾರಾಟಗಳು ಬರುವ ಕಾಲವೂ ನಮಗೆ ವಿಚಿತ್ರವಾಗಿ ಹೊಂದುತ್ತದೆ. ಫ್ಲಿಪ್‌ಕಾರ್ಟಿನ ಮೊದಲ ಬಿಗ್ ಬಿಲಿಯನ್ ಡೇ ನಡೆದದ್ದು 2014ರ ಅಕ್ಟೋಬರ್ 6ರಂದು; ಅಂದಿನಿಂದ ನವರಾತ್ರಿ, ದೀಪಾವಳಿಯ ಸುತ್ತಮುತ್ತ ಇಂಥ ಮಾರಾಟಗಳ ಸುಗ್ಗಿ. ಮಲೆನಾಡಿನಲ್ಲಿ ಆ ಹೊತ್ತಿಗೆ ಗೊನೆ ಮರದ ಮೇಲಿರುತ್ತದೆ, ಇಲ್ಲವೆ ಕೊಯ್ಲು ಆಗಷ್ಟೇ ಶುರುವಾಗಿರುತ್ತದೆ. ಸುಲಿದು, ಬೇಯಿಸಿ, ಒಣಗಿಸಿ, ಮಂಡಿಗೆ ಹಾಕಿ ದುಡ್ಡು ಕೈಗೆ ಬರಲು ಇನ್ನೂ ತಿಂಗಳುಗಳಿವೆ. ಕೈ ಖಾಲಿ, ಕಣ್ಣಿಗೆ ಮಾತ್ರ ತೋಟ ತುಂಬಿ ಕಾಣುತ್ತಿರುತ್ತದೆ. ಕಂತಿನಲ್ಲಿ ಕೊಳ್ಳಲು ಇದಕ್ಕಿಂತ ಪ್ರಶಸ್ತವಾದ ಮನಃಸ್ಥಿತಿ ಇಲ್ಲ. ಆ ದಿನಗಳಲ್ಲಿ ‘ಎರಡೇ ಉಳಿದಿವೆ’, ‘ಇನ್ನು ಹನ್ನೊಂದು ನಿಮಿಷ’ ಎಂದು ಪರದೆಯ ಮೇಲೆ ಕೆಂಪಾಗಿ ಓಡುವ ಸೂಚನೆಗಳು ಸುಳ್ಳಾಗಿದ್ದರೆ ಅದು ಈಗ ನಿಯಮಬಾಹಿರ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿ ಇಂಥ 13 ಬಗೆಯ ಕುಟಿಲ ತಂತ್ರಗಳನ್ನು ಹೆಸರಿಸಿದೆ. ಸುಳ್ಳು ಅವಸರ ಹುಟ್ಟಿಸುವುದು, ಕೇಳದೆಯೇ ಬುಟ್ಟಿಗೆ ಏನಾದರೂ ಸೇರಿಸಿಬಿಡುವುದು, ಬೇಡವೆಂದವನಿಗೆ ನಾಚಿಕೆಯಾಗುವಂತೆ ಗುಂಡಿಯ ಮೇಲೆ ಬರೆಯುವುದು ಎಲ್ಲವೂ ಅದರಲ್ಲಿವೆ. ನಿಯಮ ಒಳ್ಳೆಯದೇ. ಆದರೆ ನಿಜವಾಗಿಯೂ ಎರಡೇ ಉಳಿದಿದ್ದರೆ ಏನು ಮಾಡಬೇಕು ಎಂಬುದನ್ನು ಅದು ಹೇಳುವುದಿಲ್ಲ. ಎಳ್ಳಮಾವಾಸ್ಯೆ ಜಾತ್ರೆಯ ಕೊನೆಯ ಸಂಜೆ ಗಾಡಿ ಕಟ್ಟುತ್ತಿದ್ದ ವ್ಯಾಪಾರಿಯ ಬಳಿ ಓಡಿಹೋಗಿ, ಬೆಳಿಗ್ಗೆ ಬೇಡವೆಂದಿದ್ದ ಪಿಂಗಾಣಿ ಭರಣಿಯನ್ನು ಅವನೇ ಬೇಡವೆಂದರೂ ಬಿಡದೆ ಕೊಂಡು ತಂದ ಮನೆತನದವರು ನಾವು. ಅವಸರ ನಮ್ಮಲ್ಲಿ ಸ್ವಂತದ್ದೇ ಇದೆ.

ಇಷ್ಟೆಲ್ಲ ಆದರೂ ಮಲೆನಾಡಿನ ಭೂಗೋಳ ನಮ್ಮ ಗುಟ್ಟುಗಳಿಗೆ ಸಹಕರಿಸುವುದಿಲ್ಲ. ಒಂಟಿ ಮನೆಗಳ ಊರಿನಲ್ಲಿ ವಿಳಾಸವೆಂದರೆ ‘ಹಾಲಿನ ಡೈರಿ ದಾಟಿ, ಕಾಲುಸಂಕದ ಆಚೆ, ಕೇಳಿದರೆ ಹೇಳುತ್ತಾರೆ’ ಎಂಬಂಥದು. ಸಾಮಾನು ತರುವ ಹುಡುಗ ಕೈಮರದವರೆಗೆ ಬರುತ್ತಾನೆ. ಅಲ್ಲಿಂದ ಫೋನು ಮಾಡಿದರೆ ನಮಗೆ ಸಿಗ್ನಲ್ ಇರುವುದಿಲ್ಲ. ಹಾಗಾಗಿ ಪೆಟ್ಟಿಗೆಗಳೆಲ್ಲ ಕೈಮರದ ಅಂಗಡಿಯಲ್ಲಿ ಹಿಂಡಿಯ ಮೂಟೆಗಳ ಮೇಲೆ, ಹೆಸರು ಹೊರಗೆ ಕಾಣುವಂತೆ ಕುಳಿತಿರುತ್ತವೆ. ಬೀಡಿಗೆ ಬಂದವರು, ಬಸ್ಸಿಗೆ ಕಾದವರು ಎಲ್ಲರೂ ಅವುಗಳನ್ನು ಎತ್ತಿ, ಅಲುಗಾಡಿಸಿ, ಕಿವಿಗಿಟ್ಟು ನೋಡಿ ಇಳಿಸಿರುತ್ತಾರೆ. ಹಿಂದೆ ಬಸ್ಸಿನಲ್ಲಿ ಚೀಲ ಒತ್ತುತ್ತಿದ್ದ ಕೈಗಳೇ ಅವು. ವಿಚಾರಣೆ ರದ್ದಾಗಿಲ್ಲ; ಖರೀದಿಗೆ ಮುಂಚೆ ನಡೆಯುತ್ತಿದ್ದದ್ದು ಈಗ ಖರೀದಿಯ ನಂತರ ನಡೆಯುತ್ತದೆ, ಅಷ್ಟೆ. ‘ಈ ಸಲದ್ದು ಭಾರ ಇಲ್ಲ, ಬರೀ ಗಾಳಿ ತುಂಬಿದ ಪ್ಲಾಸ್ಟಿಕ್ಕೇ ಜಾಸ್ತಿ’ ಎಂದು ಅಂಗಡಿಯವರು ತೀರ್ಪು ಕೊಟ್ಟಾಗ ನಮ್ಮ ಬಳಿ ಉತ್ತರ ಇರಬೇಕಾಗುತ್ತದೆ, ಮತ್ತು ಕೈಮರದಿಂದ ಮನೆಗೆ ನಡೆದು ಬರುವ ದಾರಿ ಉತ್ತರಗಳನ್ನು ತಿದ್ದಿಕೊಳ್ಳಲು ತಕ್ಕಷ್ಟು ಉದ್ದವಾಗಿದೆ.

ವಾಪಸು ಮಾಡುವ ಮಾತೂ ಇದೇ ದಾರಿಯಲ್ಲಿ ಸೋಲುತ್ತದೆ. ‘ಹಿಡಿಸದಿದ್ರೆ ವಾಪಸ್ ತಗೊಳ್ತಾರಲ್ಲ’ ಎಂಬುದು ತರಿಸುವ ಮುನ್ನ ಹೇಳುವ ಮಾತುಗಳಲ್ಲಿ ಅತ್ಯಂತ ಬಲಿಷ್ಠವಾದದ್ದು. ವಾಪಸು ಒಯ್ಯಲು ಬರುವವನು ಬರುವ ದಿನವೇ ಧರೆ ಕುಸಿದಿರುತ್ತದೆ, ಇಲ್ಲವೇ ಪೆಟ್ಟಿಗೆಯ ರಟ್ಟು ಬಚ್ಚಲೊಲೆಗೆ ಹೋಗಿರುತ್ತದೆ. ಅದಕ್ಕಿಂತ ದೊಡ್ಡ ತೊಡಕೆಂದರೆ ನಾಲ್ಕು ದಿನ ಮನೆಯಲ್ಲಿದ್ದದ್ದು ನಮ್ಮದಾಗಿಬಿಟ್ಟಿರುತ್ತದೆ. ಇದೇ ಥೇಲರ್, ಡೇನಿಯಲ್ ಕಾನೆಮನ್ ಮತ್ತು ಜ್ಯಾಕ್ ನೆಟ್ಷ್ ಅವರೊಂದಿಗೆ 1990ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕೆಲವರ ಕೈಗೆ ಕಾಫಿ ಲೋಟ ಕೊಟ್ಟು ಎಷ್ಟಕ್ಕೆ ಮಾರುತ್ತೀರಿ ಎಂದೂ, ಕೊಡದವರನ್ನು ಎಷ್ಟಕ್ಕೆ ಕೊಳ್ಳುತ್ತೀರಿ ಎಂದೂ ಕೇಳಿದಾಗ, ಮಾರುವವರು ಹೇಳಿದ್ದು ಕೊಳ್ಳುವವರು ಹೇಳಿದ್ದರ ಸುಮಾರು ಎರಡರಷ್ಟಾಗಿತ್ತು. ಕೆಲವು ನಿಮಿಷ ಕೈಯಲ್ಲಿದ್ದ ಲೋಟದ ಗತಿ ಇದಾದರೆ, ನಾಲ್ಕು ದಿನ ಅಟ್ಟದ ಮೇಲೆ ಬೆಚ್ಚಗೆ ಕುಳಿತ ಸಾಮಾನನ್ನು ಯಾರು ತಾನೇ ಹೊರಗೆ ಹಾಕುತ್ತಾರೆ?

ಮನೆಯಲ್ಲಿ ಈ ಯಾವುದಕ್ಕೂ ಸಿಕ್ಕದೆ ಎಲ್ಲರನ್ನೂ ಗದರುತ್ತಿದ್ದವಳು ಅಮ್ಮ ಒಬ್ಬಳೇ. ಕಳೆದ ಕಾರ್ತಿಕದಲ್ಲಿ ಅವಳು ತಮ್ಮನ ಫೋನಿನಲ್ಲಿ ಒಂದು ಹಿತ್ತಾಳೆಯ ದೀಪವನ್ನು ಕಂಡಳು. ಚಿತ್ರದಲ್ಲಿ ಅದು ದೇವಸ್ಥಾನದ ಗರ್ಭಗುಡಿಗೆ ಒಪ್ಪುವಂತಿತ್ತು, ಬೆಲೆ ಮಾತ್ರ ಅಂಗಡಿಯ ಬೆಲೆಯ ಕಾಲುಭಾಗ. ದೇವರ ಕೋಣೆಗೆ ಎಂದ ಮೇಲೆ ಮಳೆಗಾಲದ ಕಾರಣವೂ ಅದರ ಮುಂದೆ ಮಂಕು. ಯಾರೂ ತುಟಿ ಬಿಚ್ಚಲಿಲ್ಲ. ಕೈಮರದಿಂದ ಬಂದ ಪೆಟ್ಟಿಗೆಯೊಳಗೆ ಪೆಟ್ಟಿಗೆ, ಅದರೊಳಗೆ ಗುಳ್ಳೆ ಪ್ಲಾಸ್ಟಿಕ್ಕಿನ ಸುರುಳಿ, ಎಲ್ಲ ಬಿಚ್ಚಿದ ಮೇಲೆ ಹೊರಬಂದ ದೀಪ ಅವಳ ಹೆಬ್ಬೆರಳಿನಷ್ಟಿತ್ತು. ಎತ್ತರವನ್ನು ಇಂಚಿನಲ್ಲಿ ಕೆಳಗೆ ಬರೆದೇ ಇದ್ದರು, ಓದಿದವರಿರಲಿಲ್ಲ. ಅಪ್ಪಯ್ಯ ಕನ್ನಡಕ ಹಾಕಿಕೊಂಡು ಬಂದು, ನೋಡಿ, ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ದೀಪವನ್ನು ಅಂಗೈಯಲ್ಲಿಟ್ಟು ತೂಗಿ, ‘ತುಳಸಿಕಟ್ಟೆಯ ಗೂಡಿಗೆ ಸರಿಯಾಯ್ತು. ದೊಡ್ಡದಾದ್ರೆ ಎಣ್ಣೆ ಜಾಸ್ತಿ ಕುಡೀತದೆ, ಗಾಳಿಗೂ ಆರ್ತದೆ’ ಎಂದಳು. ಇಷ್ಟು ಶೀಘ್ರವಾಗಿ, ಒಂದೇ ಉಸಿರಿನಲ್ಲಿ, ಎರಡು ಕಾರಣಗಳನ್ನು ಕೊಟ್ಟವರು ನಮ್ಮ ವಂಶದಲ್ಲಿ ಇನ್ನೊಬ್ಬರಿಲ್ಲ. ಭಾವ ಆ ದಿನ ಅಲ್ಲಿದ್ದಿದ್ದರೆ ಕೈ ಮುಗಿಯುತ್ತಿದ್ದರು.

ಸಂಜೆ ದೀಪ ಹಚ್ಚಿ ಬಂದವಳು ತಮ್ಮನನ್ನು ಕರೆದು, ಒಂಟಿ ದೀಪ ಇಡಬಾರದು, ಅಂಥದೇ ಇನ್ನೊಂದು ತರಿಸು ಎಂದಿದ್ದಾಳೆ. ಸಾಗಣೆ ಉಚಿತವಾಗಲು ಇನ್ನೂ ಇನ್ನೂರ ಮೂವತ್ತು ರೂಪಾಯಿ ಕಡಿಮೆ ಬೀಳುತ್ತಿದೆಯಂತೆ. ನಮಗೆ ಏನಾದರೂ ಬೇಕಾ ಎಂದು ಅವನು ಎಲ್ಲರನ್ನೂ ಕೇಳುತ್ತಿದ್ದಾನೆ.